ಶಿಕಾಗೊದ ಅಂಗಳದಲ್ಲಿ ಗುಲ್‌ಮೊಹರ್ ಬೆಳೆದೀತೆ?

ಪ್ರಶ್ನೆ: ಮಗಳು ಶಿಕಾಗೊದಲ್ಲಿ ಮನೆ ಕೊಂಡಿದ್ದಾಳೆ. ದಾವಣಗೆರೆಯ ನಮ್ಮ ಮನೆಯೆದುರಿನ ಗುಲ್‌ಮೊಹರ್‌ನಂತೆ ಹೂವೂ ನೆರಳೂ ಕೊಡುವ ಮರ ಅಲ್ಲಿಯೂ ಬೇಕೆನ್ನುತ್ತಾಳೆ. ಇದರ ಬೀಜವನ್ನೇ ಕಳುಹಿಸಬಹುದೇ?

ಉತ್ತರ: ದಯವಿಟ್ಟು ಕಳುಹಿಸಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಬೀಜವನ್ನು ಅಮೆರಿಕದೊಳಗೆ ಒಯ್ಯಲು ನಿರ್ಬಂಧವಿದೆ. ಒಯ್ದು ಮೊಳೆಸಿದರೂ ಬಯಲಿನಲ್ಲಿ ಸಸಿ ಮೊದಲ ಚಳಿಗಾಲವನ್ನೇ ದಾಟುವುದಿಲ್ಲ. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ನಮ್ಮಲ್ಲಿ ಬೇಸಿಗೆಯ ಮೊದಲಿಗೆ ಬೋಳಾಗುವುದು ನೀರು ಉಳಿಸಿಕೊಳ್ಳಲೇ ಹೊರತು ಚಳಿಗೆ ಅಂಜಿ ಅಲ್ಲ. ಶೀತದೇಶದ ಮರಗಳು ಹಗಲು ಮೊಟಕಾಗುತ್ತಿದ್ದಂತೆ ಬೆಳವಣಿಗೆ ನಿಲ್ಲಿಸಿ, ಜೀವಕೋಶಗಳಲ್ಲಿ ಸಕ್ಕರೆಯ ಅಂಶ ಹೆಚ್ಚಿಸಿಕೊಂಡು ಹಿಮಕ್ಕೆ ಅಣಿಯಾಗುತ್ತವೆ. ಗುಲ್‌ಮೊಹರ್‌ಗೆ ಆ ಸಾಮರ್ಥ್ಯವಿಲ್ಲ. ಶಿಕಾಗೊದಲ್ಲಿ 1985ರ ಜನವರಿಯಲ್ಲಿ ತಾಪಮಾನ ಸೊನ್ನೆಗಿಂತ ಸುಮಾರು 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಜಕರಂಡಾದ ಆಸೆಯನ್ನೂ ಬಿಡಿ.

ಅಲ್ಲಿಗೆ ನನ್ನ ಆಯ್ಕೆ ನಾರ್ದರ್ನ್ ಕೆಟಾಲ್ಪಾ. ಇದು ಅಮೆರಿಕದ್ದೇ ಮರ. ನಮ್ಮ ಆಕಾಶಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ಅಂಗೈಗಿಂತ ಅಗಲವಾದ, ಹೃದಯಾಕಾರದ ಎಲೆಗಳಿಂದಾಗಿ ನೆರಳು ಗುಲ್‌ಮೊಹರ್‌ನದಕ್ಕಿಂತಲೂ ದಟ್ಟ. ಜೂನ್ ಹೊತ್ತಿಗೆ ಗೊಂಚಲುಗೊಂಚಲಾಗಿ ಬಿಳಿ ಹೂ ಬಿಡುತ್ತದೆ. ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅಂಚು ನಿರಿಗೆ ನಿರಿಗೆಯಾಗಿ, ಗಂಟಲಿನೊಳಗೆ ಹಳದಿ ಪಟ್ಟಿಗಳೂ ನೇರಳೆ ಚುಕ್ಕೆಗಳೂ ಕಾಣುತ್ತವೆ. ಕೆಂಪು ಮಾತ್ರ ಸಿಗದು. ಉದುರಿದ ಹೂವನ್ನೂ ನುಗ್ಗೆಕಾಯಿಯಂಥ ಉದ್ದನೆಯ ಕಾಯಿಗಳನ್ನೂ ಗುಡಿಸುವ ಕೆಲಸವಂತೂ ತಪ್ಪದು, ಆದರೆ ಗುಲ್‌ಮೊಹರ್ ಸಾಕಿದವರಿಗೆ ಅದು ಹೊಸದೇನಲ್ಲ.

ಮರ 15 ಮೀಟರ್ ದಾಟಿ ಬೆಳೆಯಬಲ್ಲದು, ಕೊಂಬೆಗಳು ಬಿರುಗಾಳಿಗೆ ಸುಲಭವಾಗಿ ಮುರಿಯುತ್ತವೆ; ಆದ್ದರಿಂದ ಮನೆಯಿಂದ 8–10 ಮೀಟರ್ ದೂರವಿಡುವುದು ಕ್ಷೇಮ. ಇಬ್ಬನಿ ಹೆಪ್ಪುಗಟ್ಟುವ ಕಾಲ ಕಳೆದ ಮೇಲೆ, ಮೇ ತಿಂಗಳ ನಡುವೆ, ಸಸಿಯ ಬೇರಿಗೆ ಅಂಟಿಕೊಂಡಿರುವ ಮಣ್ಣಿನ ಮುದ್ದೆಗಿಂತ ಎರಡು-ಮೂರು ಪಟ್ಟು ಅಗಲವಾದ, ಆದರೆ ಅದರಷ್ಟೇ ಆಳವಾದ ಗುಂಡಿಯಲ್ಲಿ ಸಸಿ ನೆಡಬೇಕು. ಕಾಂಡದ ಬುಡ ಮಣ್ಣಿನಲ್ಲಿ ಹೂತುಹೋಗಬಾರದು. ಬೇಸಿಗೆಯ ಉತ್ತರಾರ್ಧದಲ್ಲಿ ಸಾರಜನಕ ಗೊಬ್ಬರ ಕೊಟ್ಟರೆ ಎಳೆಚಿಗುರು ಬಲಿಯುವ ಮೊದಲೇ ಹಿಮಕ್ಕೆ ಸಿಕ್ಕಿ ಕಪ್ಪಾಗುತ್ತದೆ. ನೆಲ ಹೆಪ್ಪುಗಟ್ಟುವ ಮುನ್ನ ಒಮ್ಮೆ ಚೆನ್ನಾಗಿ ನೀರುಣಿಸಿ, ಮೊಲಗಳು ತೊಗಟೆ ಕೆರೆಯದಂತೆ ಕಾಂಡದ ಸುತ್ತ ಜಾಲರಿ ಕಟ್ಟಲಿ.

ವಸಂತದಲ್ಲಿ ಸುತ್ತಲಿನ ಮರಗಳೆಲ್ಲ ಚಿಗುರಿದರೂ ಕೆಟಾಲ್ಪಾ ಬೋಳಾಗಿಯೇ ನಿಂತಿರುವುದರಿಂದ, ಸತ್ತಿತೆಂದು ಕಿತ್ತೆಸೆಯುವ ಮೊದಲು ಎಳೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಗೀರಿ ನೋಡಲು ಹೇಳಿ. ಒಳಗೆ ಹಸಿರಿದ್ದರೆ ಇನ್ನಷ್ಟು ದಿನ ಕಾಯಬಹುದು.