ವಿಮಾನದಲ್ಲಿ ಎಚ್ಚರಿಕೆ ದೀಪ ಹೊತ್ತಿದರೆ ಪೈಲಟ್ ಮೊದಲು ಒತ್ತುವ ಸ್ವಿಚ್ ಯಾವುದು?

ಯಾವುದೂ ಅಲ್ಲ. ನಿಮ್ಮ ಕೈ ನಿಧಾನವಂತೆ, ಅದಕ್ಕೇ ಕಲಬುರಗಿಯಲ್ಲಿ ಪೈಲಟ್ ತರಬೇತಿಗೆ ಸೇರಲೋ ಬೇಡವೋ ಎಂದು ಕೇಳಿದ್ದೀರಿ. ನನ್ನ ಕೈ ಬಲು ಚುರುಕಾಗಿತ್ತು ನೋಡ್ರಿ, ಕೆಲಸ ಕೆಟ್ಟಿದ್ದೇ ಅದರಿಂದ.

ಶಹಾಬಾದಿನ ಕಲ್ಲುಗಣಿಗಳ ಮೇಲೆ, ಸೆಸ್ನಾ 172 ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಒಬ್ಬನೇ ಇದ್ದೆ. ‘ಲೋ ವೋಲ್ಟ್ಸ್’ ದೀಪ ಹೊತ್ತಿತು. ವೋಲ್ಟೇಜ್ 24.5ಕ್ಕಿಂತ ಕೆಳಗಿಳಿದಿದೆ, ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕರೆಂಟ್ ಕೊಡುತ್ತಿಲ್ಲ, ಇಡೀ ಭಾರ ಬ್ಯಾಟರಿಯ ಮೇಲೆ ಬಿದ್ದಿದೆ ಎಂದರ್ಥ. ಇದರಿಂದ ಎಂಜಿನ್ ನಿಲ್ಲುವುದಿಲ್ಲ. ಅದಕ್ಕೆ ಕಿಡಿ ಕೊಡುವುದು ಮ್ಯಾಗ್ನೆಟೊ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಅವಸರಕ್ಕೆ ಕಾರಣವೇ ಇರಲಿಲ್ಲ. ಆದರೂ ಹೊರಗೆ ಚಿಮ್ಮಿದ್ದ ಆಲ್ಟರ್ನೇಟರ್ ಬ್ರೇಕರನ್ನು (ಕರೆಂಟ್ ಹೆಚ್ಚಾದರೆ ತಾನೇ ಕಡಿದುಕೊಳ್ಳುವ ಗುಂಡಿ) ಕಂಡ ಕೂಡಲೇ ಒತ್ತಿದೆ. ಮತ್ತೆ ಚಿಮ್ಮಿತು. ಮತ್ತೆ ಒತ್ತಿದೆ. ಹೀಗೆ ಮೂರು ಸಲ.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಬ್ರೇಕರ್ ಚಿಮ್ಮಿತೆಂದರೆ ಆ ತಂತಿಯಲ್ಲಿ ಕರೆಂಟ್ ಮಿತಿ ಮೀರಿದೆ. ಪದೇ ಪದೇ ಒತ್ತಿದರೆ ತಂತಿ ಕಾದು ಹೊಗೆ ಏಳಬಹುದು. ಒಂದು ಸಲ ಒತ್ತಬಹುದು, ಎರಡನೆಯದು ಇಲ್ಲ. ಅದಕ್ಕೂ ಮೊದಲು ಏವಿಯಾನಿಕ್ಸ್, ಅಂದರೆ ರೇಡಿಯೊ, ದಾರಿ ತೋರುವ ಉಪಕರಣಗಳು, ಆಫ್ ಆಗಬೇಕು, ವೋಲ್ಟೇಜ್ ಏರಿಳಿತ ರೇಡಿಯೊಗಳಿಗೆ ತಟ್ಟಬಾರದು. ಆಮೇಲೆ ಬ್ರೇಕರ್ ಒಳಗಿದೆಯೇ ನೋಡಿ, ಮಾಸ್ಟರ್ ಸ್ವಿಚ್ಚಿನ ಎರಡೂ ಭಾಗ (ಬ್ಯಾಟರಿ, ಆಲ್ಟರ್ನೇಟರ್) ಆಫ್ ಮಾಡಿ, ಮತ್ತೆ ಆನ್ ಮಾಡಬೇಕು. ದೀಪ ಆರಿದರೆ ಏವಿಯಾನಿಕ್ಸ್ ಆನ್. ಆರದಿದ್ದರೆ ಆಲ್ಟರ್ನೇಟರ್ ಆಫ್, ಬೇಡದ್ದೆಲ್ಲ ಆಫ್, ಆದಷ್ಟು ಬೇಗ ಇಳಿಯುವ ದಾರಿ. ನಾನು ಬ್ರೇಕರಿನ ಜೊತೆ ಗುದ್ದಾಡುತ್ತ ಲ್ಯಾಂಡಿಂಗ್ ಲೈಟು, ಮಿಂಚುವ ಸ್ಟ್ರೋಬು ದೀಪ, ಎರಡೂ ರೇಡಿಯೊ ಆನ್ ಇಟ್ಟೇ ಬಿಟ್ಟಿದ್ದೆ. ವಿಮಾನದ ಮೂಗಿನ ದಿಕ್ಕೂ ನೋಡಲಿಲ್ಲ. ತಲೆ ಎತ್ತುವಷ್ಟರಲ್ಲಿ 400 ಅಡಿ ಇಳಿದಿದ್ದೆ. ನಿಲ್ದಾಣದ ಹತ್ತಿರ ಬರುವಾಗ ಬ್ಯಾಟರಿ ಸತ್ತಿತು, ರೇಡಿಯೊ ಮೂಕವಾಯಿತು. ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಬಾಗಿಸುವ ಫ್ಲಾಪ್ ಕೂಡ 172ರಲ್ಲಿ ಕರೆಂಟಿನದೇ, ಅದೂ ಇಳಿಯಲಿಲ್ಲ. ಟವರಿನಿಂದ ಮಿನುಗದ ಹಸಿರು ಬೆಳಕು ಬಂತು, ಇಳಿಯಬಹುದು ಎಂಬ ಸೂಚನೆ. ಕಲಬುರಗಿಯ ರನ್‌ವೇ 3 ಕಿ.ಮೀ.ಗಿಂತ ಉದ್ದ, ಫ್ಲಾಪಿಲ್ಲದ ವೇಗಕ್ಕೂ ಸಾಲಿತು. ಒಂಟಿ ಹಾರಾಟ ಮಾತ್ರ ನನಗೆ ಹಲವು ವಾರ ಬಂದ್.

ದೊಡ್ಡ ವಿಮಾನದಲ್ಲೂ ಲೆಕ್ಕ ಇದೇ. ಏರ್‌ಬಸ್ 320ರಲ್ಲಿ ಒಂದು ಜನರೇಟರ್ ಕೈಕೊಟ್ಟರೆ ಪರದೆ ಹೇಳುವುದು: ಒಮ್ಮೆ ಆಫ್ ಮಾಡಿ ಆನ್ ಮಾಡು, ಆಗದಿದ್ದರೆ ಆಫ್ ಮಾಡಿ ಬಿಡು. ಅದನ್ನು ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಓದುತ್ತಾರೆ. ಇನ್ನೊಬ್ಬರಿಗೆ ವಿಮಾನ ಹಾರಿಸುವುದೊಂದೇ ಕೆಲಸ. 1972ರ ಡಿಸೆಂಬರ್ 29ರಂದು ಮಯಾಮಿ ಬಳಿ ಈಸ್ಟರ್ನ್ ಏರ್‌ಲೈನ್ಸಿನ 401ನೇ ಸಂಖ್ಯೆಯ ವಿಮಾನದ ಸಿಬ್ಬಂದಿ ಮುಂಚಕ್ರದ ಸೂಚನಾ ಬಲ್ಬೊಂದರ ಹಿಂದೆ ಬಿದ್ದರು. ಆಟೊಪೈಲಟ್ ಎತ್ತರದ ಹಿಡಿತ ಬಿಟ್ಟಿದ್ದು ಯಾರಿಗೂ ಕಾಣಲಿಲ್ಲ. ವಿಮಾನ ನೆಲಕ್ಕಪ್ಪಳಿಸಿ 101 ಜನ ಸತ್ತರು.

ನಿಧಾನದ ಕೈ ಎಂದು ಹಿಂಜರಿಯಬೇಡಿ, ಸೇರಿರಿ. ಕಾಕ್‌ಪಿಟ್ಟಿನ ಚಿತ್ರ ಗೋಡೆಗೆ ಅಂಟಿಸಿ, ಪ್ರತಿ ಸ್ವಿಚ್ಚನ್ನು ಬೆರಳಿಂದ ಮುಟ್ಟಿ ಹೆಸರು ಜೋರಾಗಿ ಹೇಳಿ, ಎರಡೆಣಿಸಿ, ಆಮೇಲೆ ಒತ್ತಿದಂತೆ ಮಾಡಿ. ದಿನಾ ಇಪ್ಪತ್ತು ನಿಮಿಷ ಸಾಕು.