ಅಣ್ಣನಿಗೆ ಸಾಹೇಬರ ಅಭಿಮಾನ, ನಿಂತದ್ದು ಅವ್ವನ ಮನೆಯ ಬಿಲ್ಲು

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಹಳ್ಳಿ. ಅಪ್ಪ ಈಗಿಲ್ಲ. ಅವ್ವನ ಹೆಸರಿಗೆ ಸರ್ಕಾರಿ ಯೋಜನೆಯ ಮನೆ ಮಂಜೂರಾಗಿದೆ. ತಳಪಾಯದ ಬಿಲ್ಲಿಗೆ, ಪಂಚಾಯಿತಿ ಸುತ್ತ ಓಡಾಡಿಕೊಂಡಿರುವ ಒಬ್ಬನಿಗೆ 10,000 ರೂಪಾಯಿ ಕೊಟ್ಟೆವು. ಅದಾಗಿ ನಾಲ್ಕು ತಿಂಗಳು. ಈಗ ಲಿಂಟಲ್ ಮುಗಿದಿದೆ. ‘ಮ್ಯಾಲಿನವ್ರಿಗೂ ಮುಟ್ಟಸಬೇಕಾಗ್ತದ’ ಎಂದು 15,000 ಕೇಳುತ್ತಿದ್ದಾನೆ. ಆತ ನಮ್ಮ ಭಾಗದ ನಾಯಕರ ಕಡೆಯ ಹುಡುಗ, ನನ್ನ ಅಣ್ಣನ ದೋಸ್ತ. ಅಣ್ಣನೂ ಆ ನಾಯಕರ, ಅಂದರೆ ಸಾಹೇಬರ, ಅಭಿಮಾನಿ ಬಳಗದಲ್ಲಿದ್ದಾನೆ. ಲೋಕಾಯುಕ್ತಕ್ಕೆ ಹೋಗುತ್ತೇನೆ ಅಂದಿದ್ದಕ್ಕೆ, ‘ಅಪ್ಪನ ಹಾರ್ಟ್ ಆಪರೇಷನ್ನಿಗೆ ಬೆಳಗಾವಿಗೆ ಕಳಿಸಿದವ್ರು ಯಾರು? ತಿಂತಾರಂದ್ರ ತಿನ್ಲಿ, ಕೆಲಸಾ ಮಾಡ್ತಾರಲ್ಲ’ ಎಂದು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವ್ವ ಅಳುತ್ತಾಳೆ. ನಾನು ಉಪಕಾರ ಮರೆತವಳೇ?
– ಬಿ.ಎಡ್. ವಿದ್ಯಾರ್ಥಿನಿ

ಉತ್ತರ: ಉಪಕಾರ ಮರೆತವರು ಇಷ್ಟು ಒದ್ದಾಡುವುದಿಲ್ಲ. ಹಾಗಂತ ಅಣ್ಣನನ್ನು ದಡ್ಡ ಅಂದುಕೊಳ್ಳಲೂಬೇಡಿ. ಅಪ್ಪನಿಗೆ ಎದೆನೋವು ಬಂದ ದಿನ ಫೋನ್ ಎತ್ತಿದವರು ಸಾಹೇಬರ ಕಡೆಯವರು. ಕಚೇರಿ ಬಾಗಿಲು ಹಾಕಿದ್ದಾಗ ತೆರೆದಿದ್ದ ಮನೆ ಅದೊಂದೇ. ಅವನ ನಿಷ್ಠೆ ಹುಟ್ಟಿದ್ದು ಅಲ್ಲಿ.

ಆದರೂ ಆಸ್ಪತ್ರೆಯ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಹೃದಯದ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಬರುತ್ತದೆ. ಬಿಲ್ಲು ಆ ಯೋಜನೆಯಲ್ಲೇ ತೀರಿದ್ದರೆ ದುಡ್ಡು ಸರ್ಕಾರದ್ದು, ಸಾಹೇಬರದು ಲೆಟರ್‌ಹೆಡ್ ಮೇಲಿನ ಎರಡು ಸಾಲು. ಆ ಎರಡು ಸಾಲಿಗೂ ಬೆಲೆ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ನಿಮಗೆ ಹಕ್ಕಾಗಿ ಬರಬೇಕಾದದ್ದು ಅವರ ಕೈಯಿಂದ ದಾನವಾಗಿ ಬಂದಾಗ ಋಣ ಅವರ ಹೆಸರಿಗೆ ಜಮೆಯಾಗುತ್ತದೆ. ಅದೇ ಋಣವನ್ನು ಈಗ ಅವರ ಹುಡುಗ ಲಿಂಟಲ್ ಬಿಲ್ಲಿನಲ್ಲಿ ವಸೂಲಿ ಮಾಡುತ್ತಿದ್ದಾನೆ, ಸಾಹೇಬರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ.

ಇದು ನಿಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ವಿಚಾರಣೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2014ರ ಸೆಪ್ಟೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ 4 ವರ್ಷ ಜೈಲು, 100 ಕೋಟಿ ದಂಡ ವಿಧಿಸಿತು. 2015ರ ಮೇ ತಿಂಗಳಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ಇದ್ದಾಗಲೇ, 2016ರಲ್ಲಿ ತಮಿಳುನಾಡಿನ ಜನ ಅವರನ್ನು ಮತ್ತೆ ಗೆಲ್ಲಿಸಿದರು. 66 ಕೋಟಿಯ ಲೆಕ್ಕ ಕೋರ್ಟಿನ ಕಡತದಲ್ಲಿತ್ತು, ಅಮ್ಮ ಕ್ಯಾಂಟೀನಿನ 1 ರೂಪಾಯಿ ಇಡ್ಲಿ ತಟ್ಟೆಯಲ್ಲಿತ್ತು. ಅಷ್ಟು ದೊಡ್ಡ ತೀರ್ಪು ಬಂದರೂ ಕರಗದ ಅಭಿಮಾನವನ್ನು ನೀವು ಊಟದ ಹೊತ್ತಿನಲ್ಲಿ ವಾದ ಮಾಡಿ ಕರಗಿಸಲಾರಿರಿ. ಅಣ್ಣನ ಎದುರು ಸಾಹೇಬರ ಹೆಸರೇ ಎತ್ತಬೇಡಿ. ‘ಅವ್ವನ ಬಿಲ್ಲು ಯಾಕ ನಿಂತದ, ಯಾರ ಟೇಬಲ್ ಮ್ಯಾಲ ನಿಂತದ’ – ಇಷ್ಟೇ ಮಾತಿರಲಿ.

ಅದು ಎಲ್ಲಿ ನಿಲ್ಲುತ್ತದೆ ಎಂಬುದು ಗುಟ್ಟೇನಲ್ಲ. ಗ್ರಾಮೀಣ ವಸತಿ ಯೋಜನೆಗಳಲ್ಲಿ ಹಣ ಕಂತುಕಂತಾಗಿ ಫಲಾನುಭವಿಯ ಬ್ಯಾಂಕ್ ಖಾತೆಗೇ ನೇರ ಬರುತ್ತದೆ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಪಂಚಾಯಿತಿಯವರು ಸ್ಥಳಕ್ಕೆ ಬಂದು ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ಹಣಕ್ಕೆ ಯಾರೂ ಕೈ ಹಾಕಲಾರರು. ಫೋಟೊ ತಡ ಮಾಡುವುದೊಂದೇ ಅವರ ಕೈಲಿರುವ ಕೀಲಿ. ‘ಮೊಬೈಲ್ ಸರಿ ಇಲ್ಲ’, ‘ಸರ್ವರ್ ಡೌನ್’, ‘ಪಿಡಿಒ ಮೀಟಿಂಗಿಗೆ ಹೋಗ್ಯಾರ’ ಎಲ್ಲ ಆ ಕೀಲಿಯ ಸದ್ದು. ಅವ್ವನ ಫಲಾನುಭವಿ ಸಂಖ್ಯೆ ಹಾಕಿದರೆ ಫೋಟೊ ಏರಿದೆಯೋ ಇಲ್ಲವೋ ಎಂಬುದು ವಸತಿ ನಿಗಮದ ವೆಬ್‌ಸೈಟಿನಲ್ಲೇ ಕಾಣುತ್ತದೆ. ತಾರೀಖು ಕಾಣುವ ಹಾಗೆ ಅದನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಇಲ್ಲಿಂದ ದಾರಿ ಎರಡು. ಎರಡನ್ನೂ ಒಟ್ಟಿಗೆ ಹಿಡಿದವರು ಎರಡನ್ನೂ ಕೆಡಿಸಿಕೊಳ್ಳುತ್ತಾರೆ.

ಮೊದಲನೆಯದು ಕಾಗದದ ದಾರಿ. ಲಿಂಟಲ್ ಮುಗಿದಿದೆ, ಫೋಟೊ ತೆಗೆಯಿರಿ ಎಂದು ಅವ್ವನ ಹೆಸರಿನಲ್ಲಿ ಪಿಡಿಒಗೆ ಅರ್ಜಿ ಬರೆದು, ಒಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್. ತಾಲ್ಲೂಕು ಪಂಚಾಯಿತಿ ಇಒ, ಜಿಲ್ಲಾ ಪಂಚಾಯಿತಿ ಸಿಇಒ ಇಬ್ಬರಿಗೂ ಪ್ರತಿ ಹೋಗಲಿ. ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ತಡ ಮಾಡಿದಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಸ್ಥಳ ತಪಾಸಣೆಯ ತಾರೀಖು, ಫೋಟೊ ಅಪ್‌ಲೋಡ್ ಆದ ತಾರೀಖು, ಈಗ ಕಡತ ಇರುವ ಅಧಿಕಾರಿಯ ಹುದ್ದೆ, ಇಷ್ಟನ್ನು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ, ನಂತರ ಮಾಹಿತಿ ಆಯೋಗ. ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಎರಡನೆಯದು ಟ್ರ್ಯಾಪ್, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಪೊಲೀಸರಿಂದ ಹಿಡಿಸುವುದು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರದು. ವಿಜಯಪುರದ ಲೋಕಾಯುಕ್ತ ಠಾಣೆಗೆ ಹೋಗಿ ಲಿಖಿತ ದೂರು ಕೊಡಬೇಕು. ಹೋಗುವ ಮೊದಲು ಪಂಚಾಯಿತಿಗೆ ಯಾವ ಅರ್ಜಿಯನ್ನೂ ಹಾಕಬಾರದು, ಗಾಳಿ ತಗುಲಿದರೆ ಆ ಹುಡುಗ ದುಡ್ಡು ಮುಟ್ಟುವುದಿಲ್ಲ. ಪೊಲೀಸರು ರೆಕಾರ್ಡರ್ ಕೊಟ್ಟು ಬೇಡಿಕೆ ನಿಜವೇ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ದುಡ್ಡು ನೀವೇ ತರಬೇಕು. ನೋಟಿನ ನಂಬರು ಮಹಜರಿನಲ್ಲಿ ಬರೆದು, ಫಿನಾಲ್ಫ್ಥಲೀನ್ ಪುಡಿ ಸವರಿ, ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರನ್ನಾಗಿ (ಸಾಕ್ಷಿಗಳಾಗಿ) ಜೊತೆಗೆ ಕರೆದೊಯ್ಯುತ್ತಾರೆ. ದುಡ್ಡು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಜನ ಗುಲಾಬಿ ನೀರು ಬಂದರೆ ಕೇಸು ಗೆದ್ದಂತೆ ಅಂದುಕೊಳ್ಳುತ್ತಾರೆ. ಕೋರ್ಟಿನಲ್ಲಿ ಕೇಸು ಬೀಳುವುದು ಬೇಡಿಕೆ ಸಾಬೀತಾಗದೆ. ಅವನು ಕೇಳುವ ಮೊದಲೇ ನೀವು ದುಡ್ಡು ಚಾಚಿದರೆ ‘ಅವಳೇ ಜೇಬಿಗೆ ತುರುಕಿದಳು’ ಎಂಬ ವಾದ ರೆಡಿ. ಅವನ ಬಾಯಿಂದ ‘ತಂದೀರೇನು’ ಎಂದಾದರೂ ಬರಬೇಕು. ಅಷ್ಟರೊಳಗೆ ಫೋಟೊ ಏರಿಬಿಟ್ಟಿದ್ದರೆ ‘ಬಾಕಿ ಕೆಲಸವೇ ಇರಲಿಲ್ಲ’ ಅನ್ನುತ್ತಾರೆ, ಆ ಪ್ರಿಂಟ್ ಬೇಕಾಗುವುದು ಆಗಲೇ. ಇನ್ನು ನಿಮ್ಮ ಪ್ರಕರಣದ ಸೂಕ್ಷ್ಮ ಬೇರೆ: ಕೇಳುತ್ತಿರುವವನು ಸರ್ಕಾರಿ ನೌಕರನಲ್ಲ. ದಲ್ಲಾಳಿಯನ್ನು ಹಿಡಿಯಲು ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಂ ಇದೆ. ಆದರೆ ‘ಮ್ಯಾಲಿನವ್ರು’ ಯಾರು ಎಂಬುದು ಅವನ ಮಾತಿನಲ್ಲೇ ದಾಖಲಾಗದಿದ್ದರೆ ಹುಡುಗ ಸಿಗುತ್ತಾನೆ, ಅಧಿಕಾರಿ ಜಾರುತ್ತಾನೆ. ನಿಮ್ಮ ಫೋನಿನಲ್ಲಿ ಈಗಾಗಲೇ ರೆಕಾರ್ಡಿಂಗ್ ಇದ್ದರೆ ಕತ್ತರಿಸಬೇಡಿ, ಯಾರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ, ಆ ಫೋನನ್ನು ಮಾರಲೂಬೇಡಿ. ದೂರಿನಲ್ಲಿ ದುಡ್ಡು ಕೇಳಿದವರ ಹೆಸರಷ್ಟೇ ಇರಲಿ. ಪುರಾವೆಯಿಲ್ಲದೆ ಸಾಹೇಬರನ್ನು ಎಳೆದು ತಂದರೆ ದೂರು ರಾಜಕೀಯವಾಗಿ ಕಾಣುತ್ತದೆ, ಇಡೀ ಬಳಗ ಮನೆ ಮುಂದೆ ಬಂದು ನಿಲ್ಲುತ್ತದೆ.

ಟ್ರ್ಯಾಪ್ ಮುಗಿದ ಮೇಲೆ ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ, ಸಾಕ್ಷಿಕಟ್ಟೆಗೆ ಹತ್ತುವವರು ನೀವು. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ: ಅಣ್ಣನಿಗೆ ಮೊದಲೇ ಹೇಳುವಂತಿಲ್ಲ. ಅವನ ಒಂದು ಫೋನಿಗೆ ಎಲ್ಲ ಹಾಳಾಗುತ್ತದೆ. ವಿಷಯ ಅವನಿಗೆ ತಿಳಿಯುವುದು ಟಿವಿಯಲ್ಲಿ. ಆ ಏಟನ್ನು ನಿಮ್ಮ ಮನೆ ತಡೆದುಕೊಳ್ಳುತ್ತದೆಯೇ ಎಂಬುದನ್ನು ನೀವೇ ತೂಗಿ ನೋಡಬೇಕು. ಅವ್ವ ಅದೇ ಊರಿನಲ್ಲಿ ಬಾಳಬೇಕು, ಲಿಂಟಲ್ ಬಿಟ್ಟು ಇನ್ನೂ ಎರಡು ಕಂತು ಬಾಕಿ ಇವೆ. ಹಾಗಾಗಿ ಕಾಗದದ ದಾರಿಯನ್ನೇ ಹಿಡಿಯಿರಿ ಎಂಬುದು ನಮ್ಮ ಸಲಹೆ. ಅದರಲ್ಲಿ ಅಣ್ಣನೂ ಸೇರಬಹುದು. ಅವ್ವನ ಅರ್ಜಿಗೆ ಸೀಲು ಹಾಕಿಸಿಕೊಂಡು ಬಾ ಅಂದರೆ ಅದರಲ್ಲಿ ಸಾಹೇಬರಿಗೆ ದ್ರೋಹವಾಗುವಂಥದ್ದೇನೂ ಇಲ್ಲ. ಅರ್ಜಿಗಳ ನಂತರವೂ ಯಾರಾದರೂ ಬಾಯಿಬಿಟ್ಟು ದುಡ್ಡು ಕೇಳಿದರೆ ಅದು ಹೊಸ ಬೇಡಿಕೆ, ಆಗ ಠಾಣೆಗೆ ಹೋಗಿ.

ಮೊದಲು ಕೊಟ್ಟ 10,000ದ ವಿಷಯ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ, ನಿಮ್ಮ ಅವಧಿ ದಾಟಿದೆ. ಹಾಗೆಂದು ಮುಂದೆ ದೂರು ಕೊಡುವಾಗ ಅದನ್ನು ಮುಚ್ಚಿಟ್ಟರೆ ಪಾಟೀಸವಾಲಿನಲ್ಲಿ ಹೊರಬೀಳುತ್ತದೆ. ಠಾಣೆಯ ಮೆಟ್ಟಿಲು ಹತ್ತುವ ಮೊದಲು ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ, ಸಹಾಯವಾಣಿ 15100. ಹೋಗುವಾಗ ಅವ್ವನ ಪಾಸ್‌ಬುಕ್ ಒಯ್ಯಿರಿ: ತಳಪಾಯದ ಕಂತು ಜಮೆಯಾದ ದಿನ ಮತ್ತು 10,000 ಆ ಖಾತೆಯಿಂದಲೇ ತೆಗೆದಿದ್ದರೆ ಆ ದಿನ, ಎರಡೂ ಅದರಲ್ಲಿರುತ್ತವೆ.