ಅ ಆ ಇ ಈ ಬಾರದ ಮಗು ‘ಗರಗಸ’ ಓದೀತೆ?

ಮಾನ್ಯರೇ,

ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಹೋಬಳಿ ಕೇಂದ್ರವಾದ ನಿಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಸೇರಿ ಮೂರು ತಿಂಗಳಾದರೂ ಮೊಮ್ಮಗಳಿಗೆ ಅ ಆ ಇ ಈ ಬಾರದೆಂಬುದು ಒಂದು. ಐದನೇ ತರಗತಿಯ ಹುಡುಗರು ಎರಡನೇ ತರಗತಿಯ ಪಾಠವನ್ನೂ ತಡವರಿಸುತ್ತಾರೆ, 48 ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಲದೇ ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಒಪ್ಪುವುದಿಲ್ಲ, ಎರಡನೆಯದನ್ನು ತಳ್ಳಿಹಾಕಲಾರೆವು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ಮುಂದೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದು ಕೈಗೆ ಹತ್ತಿದೊಡನೆ ಸರ, ದರ, ಅಗಸ, ಅರಸ, ಗರಗಸ ಎಂದು ಕೂಡಿಸಿ ಓದತೊಡಗುತ್ತದೆ. ನಮಗಾದರೋ ವರ್ಣಮಾಲೆಯನ್ನೆಲ್ಲ ತಿದ್ದಿ ಮುಗಿಸುವವರೆಗೆ ಒಂದು ಪದದ ಮುಖವೂ ಕಂಡಿರಲಿಲ್ಲ. ಮೊಮ್ಮಗಳ ಸ್ಲೇಟಿನ ಮೇಲೆ ‘ಗರಗಸ’ ಎಂದು ಬರೆದು ತೋರಿಸಿ. ಅದನ್ನೂ ಓದದಿದ್ದರೆ ಆಗ ಶಾಲೆಗೆ ಹೋಗಿ ಕೇಳುವುದು ನ್ಯಾಯ.

ಐದನೇ ತರಗತಿಯ ಮಾತು ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಎಂದರೆ ಲೆಕ್ಕದಲ್ಲಿ ನಿಮ್ಮ ಶಾಲೆಗೆ ಕೊರತೆಯೇ ಇಲ್ಲ. ಆದರೆ ಒಬ್ಬರು ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿಯಲ್ಲಿ ಕುಳಿತರೆ, ನಾಲ್ಕು ಮತ್ತು ಐದರ ಎಲ್ಲ ವಿಷಯಗಳೂ, ಬಿಸಿಯೂಟದ ಲೆಕ್ಕವೂ, ಇಲಾಖೆ ಕೇಳುವ ಮಾಹಿತಿಯೂ ಇನ್ನೊಬ್ಬರ ತಲೆಗೆ ಬರುತ್ತವೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಗಳಿಗೆ ಶಿಕ್ಷಕರನ್ನು ಕರೆಯಲು ಅದೇ ಕಾಯ್ದೆಯ 27ನೇ ಸೆಕ್ಷನ್ ಅವಕಾಶ ಬಿಟ್ಟಿದೆ. ಒಬ್ಬರು ಹಾಗೆ ಹೋದ ದಿನ ಐದೂ ತರಗತಿಗಳು ಉಳಿದೊಬ್ಬರ ಪಾಲು. ಇದರ ಮೇಲೆ ಇನ್ನೊಂದು ತೊಡಕು. ನಲಿ-ಕಲಿಯಲ್ಲಿ ಮಗು ಕಲಿಕಾ ಕಾರ್ಡುಗಳನ್ನು ಹಿಡಿದು, ತನ್ನ ವೇಗದಲ್ಲಿ ಒಂದೊಂದೇ ಮೈಲಿಗಲ್ಲು, ಎಂದರೆ ಕಲಿಕೆಯ ಹಂತ, ದಾಟುತ್ತದೆ. ನಾಲ್ಕನೇ ತರಗತಿಗೆ ಬಂದೊಡನೆ ಕಾರ್ಡುಗಳು ಹೋಗಿ ಪಠ್ಯಪುಸ್ತಕ ಬರುತ್ತದೆ, ಒತ್ತಕ್ಷರದಲ್ಲೇ ನಿಂತ ಮಗುವಿಗಾಗಿ ಪುಸ್ತಕ ಕಾಯುವುದಿಲ್ಲ. ನಿಮ್ಮೂರಿನ ಹುಡುಗರು ಎಡವಿದ್ದು ಬಹುಶಃ ಇಲ್ಲೇ.

ಇಷ್ಟರಿಂದ ಶಿಕ್ಷಕರ ಹೊಣೆ ತಪ್ಪುವುದಿಲ್ಲ, ಊರಿನದೂ ತಪ್ಪುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇರುವುದೇ ಪೋಷಕರು ಕೇಳಲೆಂದು. ಅದರ ಸಭೆಗಳು ಸಾಮಾನ್ಯವಾಗಿ ಕಾಂಪೌಂಡು, ಸುಣ್ಣಬಣ್ಣಗಳಲ್ಲೇ ಮುಗಿದುಹೋಗುವುದು ಬೇರೆ ಮಾತು. ನಿಮ್ಮ ಮಗನೋ ಸೊಸೆಯೋ ಮುಂದಿನ ಸಭೆಗೆ ಹೋಗಿ, ಈಗ ನಾಲ್ಕು ಮತ್ತು ಐದರಲ್ಲಿರುವ ಒಂದೊಂದು ಮಗುವೂ ಮೂರನೇ ತರಗತಿ ಬಿಡುವಾಗ ಯಾವ ಮೈಲಿಗಲ್ಲಿನಲ್ಲಿತ್ತು, ಹಿಂದುಳಿದವರಿಗೆ ದಿನಕ್ಕೆ ಎಷ್ಟು ಹೊತ್ತು ಬೇರೆಯಾಗಿ ಓದಿಸಲಾಗುತ್ತಿದೆ ಎಂದು ಪ್ರಗತಿ ದಾಖಲೆ ತೆಗೆಸಿ ಕೇಳಲಿ. ಸಿಕ್ಕ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.

– ಸಂಪಾದಕ